ಪಂಚೆಗೆ ನೀಲಿ ಜಾಸ್ತಿ ಹಾಕಬೇಡ ಅಮ್ಮ

ಎಡಿನ್‌ಬರೊ
ಡಿಸೆಂಬರ್ 14

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ತಿಳಿಸು. ಅಕ್ಕನ ಕಾಗದ ಮೊನ್ನೆ ಕೈಸೇರಿತು.

ಅಪ್ಪ ದಿನಾ ಪಂಚೆಯ ವಿಷಯಕ್ಕೆ ಜಗಳ ತೆಗೆಯುತ್ತಾರಂತೆ. ಹಳದಿ ಹಳದಿ ಇದೆ, ಸರಿಯಾಗಿ ಒಗೆದಿಲ್ಲ, ನೀಲಿ ಹಾಕುವುದಕ್ಕೂ ಲೆಕ್ಕ ನೋಡುತ್ತಾಳೆ ಅಂತ. ನೀನು ಪಾಪ ಒಂದು ಮುಚ್ಚಳ ಹಾಕುವ ಕಡೆ ಮೂರು ಮುಚ್ಚಳ ಹಾಕುತ್ತಿದ್ದೀಯಂತೆ. ಪೇಟೆಯಲ್ಲಿ ಯಾರೋ ‘ಏನ್ರೀ, ಪಂಚೆ ನೀಲಿಗೆ ತಿರುಗಿದೆಯಲ್ಲ’ ಅಂದರಂತೆ. ಅಕ್ಕ ಇದನ್ನು ತಮಾಷೆಯಾಗಿ ಬರೆದಿದ್ದಾಳೆ. ನನಗೆ ನಗು ಬರಲಿಲ್ಲ ಅಮ್ಮ. ಪಂಚೆ ಬೆಳ್ಳಗೇ ಇದೆ. ಅಪ್ಪನ ಕಣ್ಣಿಗೆ ಅದು ಹಳದಿಯಾಗಿ ಕಾಣುತ್ತಿದೆ. ಪೊರೆ ಬಂದ ಕಣ್ಣು ಹಾಗೇ.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀಯ ಅಂತ ನೀನು ಕೇಳುತ್ತೀಯ, ಗೊತ್ತು. ಕೆಲಸ ಮುಗಿಸಿ ವಾರಕ್ಕೆರಡು ಸಂಜೆ ಫೋಟೋ ಎಡಿಟಿಂಗ್ ಕಲಿಯಲು ಹೋಗುತ್ತೇನೆ ಅಂದಿದ್ದೆನಲ್ಲ. ಮೊದಲ ತಿಂಗಳು ಪೂರ್ತಿ ಬಣ್ಣದ ಪಾಠವೇ. ಕಂಪ್ಯೂಟರಿನಲ್ಲಿ ಎಲ್ಲ ಬಣ್ಣವೂ ಕೆಂಪು, ಹಸಿರು, ನೀಲಿ ಬೆಳಕು ಸೇರಿ ಆಗುತ್ತವೆ. ಬಣ್ಣಗಳನ್ನು ಚಕ್ರದ ಹಾಗೆ ಜೋಡಿಸಿದರೆ ನೀಲಿಗೆ ನೇರ ಎದುರು ಕೂರುವುದು ಹಳದಿ. ಒಂದು ಹೆಚ್ಚಾದರೆ ಇನ್ನೊಂದು ತಗ್ಗುತ್ತದೆ. ಫೋಟೋ ಹಳದಿಗೆ ತಿರುಗಿದ್ದರೆ ನೀಲಿ ಸೇರಿಸಬೇಕು, ಆಗ ಬಿಳಿ ಬಿಳಿಯಾಗುತ್ತದೆ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಬಾವಿಕಟ್ಟೆ, ನೀನು ಬಕೆಟ್ಟಿಗೆ ನೀಲಿ ಬಿಟ್ಟು ಕೈಯಾಡಿಸುವುದು. ಇವರು ಹೇಳಿಕೊಡುವುದನ್ನು ನೀನು ನಲವತ್ತು ವರ್ಷದಿಂದ ಮಾಡುತ್ತಿದ್ದೀಯ.

ಅಕ್ಕನ ಕಾಗದ ಓದಿದ ರಾತ್ರಿ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಹಿತ್ತಿಲ ತಂತಿಯ ಮೇಲೆ ಪಂಚೆ ಹರವಿದ ಫೋಟೋ ಪುಟ್ಟಿ ಕಳಿಸಿದ್ದಳು, ಹಿಂದೆ ಮುಳ್ಳಯ್ಯನಗಿರಿ ಕಾಣುತ್ತದಲ್ಲ, ಅದು. ಅದರಲ್ಲಿ ನೀಲಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಪಂಚೆ ತುಪ್ಪದ ಬಣ್ಣಕ್ಕೆ ಬಂತು. ಆಕಾಶ ಮಾಸಿತು. ಬೆಟ್ಟದ ನೀಲಿ ಹೋಗಿ ಬರೀ ಕಂದು ಉಳಿಯಿತು. ಅಮ್ಮ, ಅಪ್ಪ ಬೆಳಗಾಗೆದ್ದು ಜಗಲಿಯಲ್ಲಿ ನಿಂತು ನೋಡುವ ಬೆಟ್ಟ ಈಗ ಹೀಗಿದೆಯೇನೋ. ನಿಧಾನಕ್ಕೆ ಬರುವುದರಿಂದ ಅವರಿಗೆ ಗೊತ್ತೂ ಆಗಿರುವುದಿಲ್ಲ. ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಫ್ರಾನ್ಸಿನಲ್ಲಿ ಮೊನೆ ಅಂತ ದೊಡ್ಡ ಚಿತ್ರಗಾರ ಇದ್ದ. ಅವನಿಗೂ ಪೊರೆ ಬಂದಿದೆ ಅಂತ 1912ರಲ್ಲೇ ಡಾಕ್ಟರು ಹೇಳಿದ್ದರು. ಹೆದರಿಕೊಂಡು ಮುಂದೂಡುತ್ತಾ ಬಂದು ಬಲಗಣ್ಣಿಗೆ ಆಪರೇಷನ್ ಮಾಡಿಸಿದ್ದು 1923ರಲ್ಲಿ. ಆ ನಡುವಿನ ಅವನ ಕೊಳದ ಕೆಲವು ಚಿತ್ರಗಳು ಕೆಂಪು ಕಂದು. ಪೊರೆ ತೆಗೆದ ಮೇಲೆ ಎಲ್ಲ ಅತಿ ನೀಲಿ ಕಾಣುತ್ತಿದೆ ಅಂತ ದೂರಿದನಂತೆ. ಅಪ್ಪನಿಗೂ ಮೊದಲ ಕೆಲವು ದಿನ ಹಾಗೆ ಕಂಡರೆ ಹೆದರಬೇಡಿ, ಸರಿಹೋಗುತ್ತದೆ.

ಬಣ್ಣದ ವಿಷಯದಲ್ಲಿ ಈ ಊರಿಗೆ ಹೆಮ್ಮೆ ಜಾಸ್ತಿ. ಮೂರು ಬಣ್ಣದ ಗಾಜಿನ ಮೂಲಕ ರಿಬ್ಬನ್ನಿನ ಫೋಟೋ ತೆಗೆಸಿ, 1861ರಲ್ಲಿ ಬಣ್ಣದ ಫೋಟೋ ಹೇಗೆ ಆಗುತ್ತದೆ ಅಂತ ತೋರಿಸಿದ ಮ್ಯಾಕ್ಸ್‌ವೆಲ್ ಅನ್ನುವ ವಿಜ್ಞಾನಿ ಹುಟ್ಟಿದ್ದು ಇಲ್ಲೇ. ಬೀದಿಯ ಹೆಸರು ಇಂಡಿಯಾ ಸ್ಟ್ರೀಟ್! ಮನೆ ನಂಬರ್ 14. ನಾನು ಹೋಗಿ ಬಾಗಿಲ ಮುಂದೆ ನಿಂತು ಬಂದೆ. ಜಾರ್ಜ್ ಸ್ಟ್ರೀಟಿನಲ್ಲಿ ಅವನ ಪ್ರತಿಮೆ ಇದೆ, ಕೈಯಲ್ಲಿ ಬಣ್ಣದ ತಟ್ಟೆ, ಕಾಲ ಬಳಿ ನಾಯಿ. ಆ ತಟ್ಟೆಯನ್ನು ಬುಗುರಿಯಂತೆ ತಿರುಗಿಸಿ ಬಣ್ಣ ಬೆರೆಸಿ ನೋಡುತ್ತಿದ್ದನಂತೆ. ಈಗ ಇಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಕಾಫಿ ಮಾತ್ರ ನಮ್ಮ ತೋಟದ್ದೇ ಕುಡಿಯುತ್ತೇನೆ. ರೂಮಿನವರಿಗೂ ಫಿಲ್ಟರ್ ಹಾಕುವುದು ಕಲಿಸಿದ್ದೇನೆ.

ಈಗ ಡಬಲ್ ಎಕ್ಸ್‌ಪೋಷರ್ ಪಾಠ. ನಿಮ್ಮ ಮದುವೆ ಆಲ್ಬಂನಲ್ಲಿ ದೀಪದ ಪಕ್ಕ ನಿನ್ನ ಮುಖ ತೇಲುತ್ತದಲ್ಲ, ಅದೇ. ಆಗ ಒಂದೇ ಫಿಲಂ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಿದ್ದರು. ಈಗ ಒಂದು ಚಿತ್ರದ ಮೇಲೆ ಇನ್ನೊಂದನ್ನು ಪದರವಾಗಿ ಇಟ್ಟು ಬೆರೆಸುತ್ತೇವೆ. ನಾನು ಕಣದಲ್ಲಿ ನಿಂತ ಅಪ್ಪನ ಪಕ್ಕದ ಮುಖ ತೆಗೆದುಕೊಂಡೆ. ಮೇಲೆ ಹೂಮಳೆ ಆದ ಮೇಲೆ ತೆಗೆದಿದ್ದ ಕಾಫಿ ಹೂವಿನ ಫೋಟೋ. ಮೊದಲು ಎಲ್ಲ ಕಲಸಿ ರಾಡಿಯಾಯಿತು. ‘ಸ್ಕ್ರೀನ್’ ಅನ್ನುವ ಕ್ರಮದಲ್ಲಿ ಬೆಳಕು ಬೆಳಕಿಗೆ ಸೇರುತ್ತದೆ, ಕಪ್ಪಿದ್ದ ಕಡೆ ಮಾತ್ರ ಇನ್ನೊಂದು ಚಿತ್ರ ಪೂರ್ತಿ ಕಾಣುತ್ತದೆ. ಅಪ್ಪನ ಮುಖ ಅರೆಗಪ್ಪಾಗಿತ್ತು. ಅದನ್ನು ಕಪ್ಪು ಮಾಡಿದ ಮೇಲೆ ಹೂವು ಮುಖದೊಳಗೇ ಅರಳಿತು, ಸುತ್ತಲ ಆಕಾಶ ಬೆಳ್ಳಗೇ ಉಳಿಯಿತು.

ಕಣ್ಣಿನ ಮೇಲೆ ಮಾತ್ರ ಹೂವು ಬೇಡ ಅನ್ನಿಸಿತು. ಒರೆಸೋಣ ಅಂತ ಮೊದಲಿನ ಫೋಟೋ ತೆರೆದು ಕಣ್ಣನ್ನು ದೊಡ್ಡದು ಮಾಡಿದೆ. ಕಪ್ಪಗಿರಬೇಕಾದ ಪಾಪೆ, ನೀರಿಗೆ ಎರಡು ಹನಿ ಹಾಲು ಬಿದ್ದ ಹಾಗೆ ಬೂದು. ಫೋನಿನ ಧೂಳು ಇರಬೇಕು ಅಂದುಕೊಂಡೆ. ಧೂಳಲ್ಲ. ಆಮೇಲೆ ಪಂಚೆ ಕಾಗದ ಬಂತು.

ಅಮ್ಮ, ದಯವಿಟ್ಟು ಈ ತಿಂಗಳೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಲಿಯಲಿ ಅಂತ ಕಾಯುವುದು ಹಳೇ ಕಾಲದ ಮಾತು, ಈಗ ಕಾಯಬೇಕಾಗಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ ಬರಬಹುದು. ಒಂದು ಕಣ್ಣಿಗೆ ಮಾಡಿ, ಆಮೇಲೆ ಇನ್ನೊಂದಕ್ಕೆ. ಕೆಲವು ವಾರ ಡ್ರಾಪ್ಸ್ ಹಾಕಬೇಕು, ಧೂಳಿಗೆ ಹೋಗಬಾರದು. ಕುಯ್ಲು ಮುಗಿಯಲಿ ಅಂತ ಅಪ್ಪ ಹೇಳುತ್ತಾರೆ. ಕಣವನ್ನು ಚಿಕ್ಕಪ್ಪ ನೋಡಿಕೊಳ್ಳಲಿ, ನಾನೇ ಅವರಿಗೆ ಫೋನ್ ಮಾಡುತ್ತೇನೆ. ಅಲ್ಲಿವರೆಗೆ ಕತ್ತಲಾದ ಮೇಲೆ ಅಪ್ಪ ಬೈಕ್ ಮುಟ್ಟಬಾರದು. ಎದುರು ಗಾಡಿಯ ಲೈಟಿಗೆ ಕಣ್ಣು ಕಟ್ಟಿಬಿಡುತ್ತದೆ.

ದುಡ್ಡಿನ ಚಿಂತೆ ಬೇಡವೇ ಬೇಡ, ಅಕ್ಕನ ಅಕೌಂಟಿಗೆ ಹಾಕಿದ್ದೇನೆ. ನನ್ನ ಚಿಂತೆಯೂ ಬೇಡ. ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಸ್ವೆಟರ್ ಹಾಕುತ್ತೇನೆ, ಕೆಮ್ಮು ಪೂರ್ತಿ ಹೋಗಿದೆ, ನಿಜವಾಗಿಯೂ ಹೋಗಿದೆ. ಏಪ್ರಿಲ್‌ಗೆ ಬಂದೇ ಬರುತ್ತೇನೆ.

ಅಪ್ಪನ ಪಟ ಪ್ರಿಂಟ್ ಹಾಕಿಸಿ ಕಳಿಸುತ್ತೇನೆ. ಆಪರೇಷನ್ ಆಗುವವರೆಗೆ ಅವರಿಗೆ ತೋರಿಸಬೇಡ. ಆ ಹೂವು ಬಿಳಿ ಅಮ್ಮ, ಅವರಿಗೆ ಬಿಳಿಯಾಗೇ ಕಾಣಬೇಕು.

ಕ್ಲಾಸಿಗೆ ಹೊತ್ತಾಯಿತು, ಬಸ್ ತಪ್ಪುತ್ತದೆ. ಡಾಕ್ಟರು ಏನಂದರು ಅಂತ ಅವತ್ತೇ ಫೋನ್ ಮಾಡಿಸು. ನೀಲಿ ಒಂದೇ ಮುಚ್ಚಳ.

ಇಂತಿ ನಿನ್ನ ಮಗಳು