ವಾರ್ಫರಿನ್ ತಗೊಳ್ಳೋ ಪೇಷಂಟ್‌ಗೆ ಪಿವ್ಕಾ ಟೆಸ್ಟ್ ಮಾಡಿ ಕ್ಯಾನ್ಸರ್ ಅಂದಿರೋ ಬಗ್ಗೆ ದೂರು

ಕಸ್ಟಮರ್ ಕೇರ್ ಮ್ಯಾನೇಜರ್ ಮತ್ತು ಲ್ಯಾಬ್ ಹೆಡ್ ಅವರಿಗೆ,

ಫೋನಲ್ಲಿ ಮರ್ಯಾದೆಯಾಗಿ ಹೇಳಿ ಹೇಳಿ ಸಾಕಾಯ್ತು. ಪ್ರತಿ ಸಲ ಹೊಸ ಕಂಪ್ಲೇಂಟ್ ನಂಬರ್ ಕೊಡ್ತೀರ, ಸಂಜೆಗೆ "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬರುತ್ತೆ. ಸಂತೋಷ. ಯಾರ್ ಬಗೆಹರಿಸಿದ್ರು?

ನಮ್ಮಪ್ಪಂಗೆ ಹೆಪಟೈಟಿಸ್ ಬಿ ಇಂದ ಸಿರೋಸಿಸ್ ಆಗಿದೆ, ಅಂದ್ರೆ ಲಿವರ್ ಗಾಯವಾಗಿ ಗಟ್ಟಿಯಾಗಿದೆ. ಲಿವರ್ ಕ್ಯಾನ್ಸರ್ ಬಂದಿದ್ಯಾ ನೋಡಕ್ಕೆ ಆರು ತಿಂಗಳಿಗೊಂದ್ಸಲ ಸ್ಕ್ಯಾನು, ಎಎಫ್‌ಪಿ ಅನ್ನೋ ರಕ್ತ ಪರೀಕ್ಷೆ ಮಾಡಿಸ್ತೀವಿ. ಡಾಕ್ಟ್ರು ಚೀಟೀಲಿ ಬರೆದಿದ್ದು ಅಷ್ಟೇ. ನಿಮ್ಮ ಕಾಲ್ ಸೆಂಟರ್‌ನೋರು ಎಎಫ್‌ಪಿ ಒಂದನ್ನೇ ನಂಬಕ್ಕಾಗಲ್ಲ ಸರ್ ಅಂತ ಅದೇ ಕ್ಯಾನ್ಸರ್ ಹುಡುಕೋ ಇನ್ನೆರಡು ರಕ್ತ ಪರೀಕ್ಷೆ, ಎಎಫ್‌ಪಿ-ಎಲ್3, ಪಿವ್ಕಾ-2 ಎಲ್ಲಾ ಇರೋ ಪ್ಯಾಕೇಜ್ ಕಟ್ಟಿದ್ರು. ಅವರಂದಿದ್ದು ಸುಳ್ಳೇನಲ್ಲ, ಶುರುವಿನ ಹಂತದಲ್ಲಿ ಎಷ್ಟೋ ಜನಕ್ಕೆ ಎಎಫ್‌ಪಿ ಏರೋದೇ ಇಲ್ಲ. ಆದ್ರೆ ಅಪ್ಪನ ಹಾರ್ಟ್‌ಗೆ ವಾಲ್ವ್ ಹಾಕಿದೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ವಾರ್ಫರಿನ್ ಮಾತ್ರೆ ದಿನಾ ನುಂಗ್ತಾರೆ. ವಾರ್ಫರಿನ್ ವಿಟಮಿನ್ ಕೆ ಕೆಲ್ಸಕ್ಕೆ ಅಡ್ಡ ಬರುತ್ತೆ, ಆಗ ಲಿವರ್ ಪ್ರೋಥ್ರಾಂಬಿನ್ ಅನ್ನೋ, ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನನ್ನ ಅರ್ಧಂಬರ್ಧ ಮಾಡಿ ರಕ್ತಕ್ಕೆ ಬಿಡುತ್ತೆ, ಆ ಅರ್ಧಂಬರ್ಧದ್ದನ್ನೇ ನೀವು ಪಿವ್ಕಾ ಅಂತ ಅಳೆಯೋದು. ಕ್ಯಾನ್ಸರ್ ಇರ್ಲಿ ಬಿಡ್ಲಿ ಅದು ಏರೇ ಏರುತ್ತೆ. ಇದು ಟೆಸ್ಟ್ ಮಾರೋರಿಗೆ ಗೊತ್ತಿರ್ಬೇಕಲ್ವಾ?

ಮಂಡ್ಯದ ನಮ್ಮನೆಗೆ ಬ್ಲಡ್ ತಗೊಳಕ್ಕೆ ಬಂದ ಹುಡುಗನಿಗೆ ಮಾತ್ರೆ ಶೀಟೇ ತೋರ್ಸಿದ್ದೆ. ನಿಮ್ಮ ಫಾರಂನಲ್ಲೇ "ಈಗ ತೆಗೆದುಕೊಳ್ಳುತ್ತಿರುವ ಔಷಧಿ" ಅಂತ ಕಾಲಂ ಇದೆ, ಅದರಲ್ಲಿ ಒಂದು ಗೀಟು ಎಳೆದಿದ್ದಾನೆ. ನೀಟಾಗಿ ಎಳೆದಿದ್ದಾನೆ, ಅದಕ್ಕೆ ಮೆಚ್ಬೇಕು.

ರಿಪೋರ್ಟ್ ಬಂತು. ಎಎಫ್‌ಪಿ ನಾರ್ಮಲ್, ಎಲ್3 ನಾರ್ಮಲ್, ಪಿವ್ಕಾ ಮಾತ್ರ 40ರೊಳಗೆ ಇರ್ಬೇಕಾದ್ದು ಸಾವಿರ ದಾಟಿ ಕೆಂಪಕ್ಷರದಲ್ಲಿ. ವಾರ್ಫರಿನ್ ಬಗ್ಗೆ ಒಂದು ಸಾಲೂ ಇಲ್ಲ.

ಅಪ್ಪನ್ನೂ ಕರ್ಕೊಂಡು ಮೈಸೂರಿನ ನಿಮ್ಮ ಬ್ರಾಂಚಿಗೆ ಹೋದೆ. ಟೋಕನ್ ತಗೊಳ್ಳಿ ಅಂದ್ರು, ತಗೊಂಡೆ. ನಮ್ಮ ನಂಬರ್ ಬಂದಾಗ ಕೌಂಟರ್‌ನೋರು ಟೀಗೆ ಬಿಸ್ಕತ್ ಅದ್ದುತಿದ್ರು, ಅದು ಮುರಿದು ಲೋಟಕ್ಕೆ ಬಿತ್ತು, ಸ್ಪೂನ್ ಹುಡುಕಿ ಅದನ್ನ ಎತ್ತೋವರೆಗೂ ಕಾದ್ವಿ. ಆಮೇಲೆ ಸ್ಕ್ರೀನ್ ನೋಡಿ, ಹಿಂದೆ ನಿಂತಿದ್ದ ಕ್ಯೂಗೆಲ್ಲಾ ಕೇಳೋ ಹಾಗೆ "ಓ, ಲಿವರ್ ಕ್ಯಾನ್ಸರ್ ಪಾಸಿಟಿವ್ ಕೇಸಾ?" ಅಂದ್ರು. ವಾರ್ಫರಿನ್ ವಿಷ್ಯ ಹೇಳ್ದೆ. "ನೀವು ಡಾಕ್ಟ್ರಾ?" ಅಲ್ಲ ಅಂದೆ. "ಮತ್ತೆ?" ಅಂದ್ರು. ಪೆಥಾಲಜಿಸ್ಟ್ ಹತ್ರ ಮಾತಾಡ್ಬೇಕು ಅಂದೆ. "ಅವ್ರು ಪೇಷಂಟ್‌ಗಳ ಹತ್ರ ಮಾತಾಡಲ್ಲ. ಕ್ಯಾನ್ಸರ್ ಬಂದೋರೆಲ್ಲಾ ಮೊದ್ಲು ಹಿಂಗೇ ಅಂತಾರೆ, ಒಪ್ಕೊಳಕ್ಕೆ ಟೈಮ್ ಬೇಕು ಸಾರ್" ಅಂತ ನನಗೆ ಸಮಾಧಾನ ಬೇರೆ ಹೇಳಿದ್ರು. ಅಪ್ಪ ಪಕ್ಕದಲ್ಲೇ ನಿಂತಿದ್ರು. ಬೆಂಚಲ್ಲಿ ಕೂತಿದ್ದ ಹೆಂಗಸು ಮಗೂನ ಎಳ್ಕೊಂಡು ಆ ಕಡೆ ಸರಿದ್ರು, ಕ್ಯಾನ್ಸರ್ ಅಂಟುತ್ತೇನೋ ಅನ್ನೋ ಥರ.

ಲಿವರ್ ಡಾಕ್ಟ್ರು ರಿಪೋರ್ಟ್ ನೋಡಿ, ವಾರ್ಫರಿನ್ ಮೇಲಿರೋರಿಗೆ ಪಿವ್ಕಾ ಯಾರ್ರೀ ಮಾಡಿದ್ದು ಅಂತ ಬೈದ್ರು. ಆದ್ರೂ ಮನೆಯೋರು ಹೆದರಿದ್ದಕ್ಕೆ ಲಿವರ್‌ಗೆ ಟ್ರೈಫೇಸಿಕ್ ಸಿಟಿ ಸ್ಕ್ಯಾನ್ ಮಾಡ್ಸಿದ್ವಿ. ಗೆಡ್ಡೆ ಇಲ್ಲ ಅಂತ ಬಂತು. ಆ ಖರ್ಚು ನಮ್ದು.

ಗೋಡೆ ತುಂಬಾ ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್ ಸರ್ಟಿಫಿಕೇಟ್ ತೂಗುಹಾಕಿದ್ದೀರ. ಅದನ್ನ ಕೊಡೋದೇ ಐಎಸ್‌ಒ 15189 ಅನ್ನೋ ಮೆಡಿಕಲ್ ಲ್ಯಾಬ್ ನಿಯಮಗಳ ಪ್ರಕಾರ, ಟೆಸ್ಟಿಗೆ ಬೇಕಾದ ಪೇಷಂಟ್ ಮಾಹಿತಿ ಲ್ಯಾಬ್ ತಗೋಬೇಕು ಅಂತ ಅದರಲ್ಲೇ ಇದೆ. ನಿಮ್ಮ ರೂಲ್ಸ್ ನಿಮ್ಗೆ ನಾನ್ ಓದಿ ಹೇಳ್ಬೇಕಾ?

ಪ್ಯಾಕೇಜ್ ದುಡ್ಡು, ಸಿಟಿ ದುಡ್ಡು ವಾಪಸ್ ಕೊಡಿ, ತಿದ್ದಿದ ರಿಪೋರ್ಟ್ ಕೊಡಿ, ಅಪ್ಪನ ಹತ್ರ ಕ್ಷಮೆ ಕೇಳಿ. ನೀವು ಕೇಳಲ್ಲ ಅಂತ ಗೊತ್ತು ಬಿಡಿ. ಗೀಟೆಳೆದ ಫಾರಂ ಕಾಪಿ ನನ್ನ ಹತ್ರ ಇದೆ, ಎನ್‌ಎಬಿಎಲ್‌ಗೆ ಒಂದು ಹೋಗುತ್ತೆ, ಗ್ರಾಹಕರ ಆಯೋಗಕ್ಕೆ ಒಂದು ಹೋಗುತ್ತೆ, 2019ರ ಕಾಯ್ದೆ ಪ್ರಕಾರ ಕೇಸ್ ಹಾಕಕ್ಕೆ ಎರಡು ವರ್ಷ ಟೈಮಿದೆ, ನನಗೆ ಅಷ್ಟೆಲ್ಲಾ ಬೇಡ. ಅಲ್ಲಿಗೆ ಬರುವಾಗ ಬಿಸ್ಕತ್ ಸಾಹೇಬರನ್ನೂ ಕರ್ಕೊಂಡು ಬನ್ನಿ, ಪೀಠದ ಮೇಲೆ ಕೂತಿರೋರಿಗೂ "ನೀವು ಡಾಕ್ಟ್ರಾ?" ಅಂತ ಕೇಳ್ಲಿ.

ಇಂತಿ,
ನಿಮ್ಮ "ಪಾಸಿಟಿವ್ ಕೇಸಿನ" ಮಗ, ಮಂಡ್ಯ