ಶಾಲು ಸಾಕು, ಜಾಗ ಕೊಡಿ: ಆರೋಗ್ಯ ಸಚಿವರಿಗೆ ಕುಟುಂಬ ವೈದ್ಯನೊಬ್ಬನ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಿಂದ ನಮಸ್ಕಾರಗಳು.

ಜುಲೈ 1ರ ವೈದ್ಯರ ದಿನಾಚರಣೆಗೆ ತಮ್ಮನ್ನು ಮುಖ್ಯ ಅತಿಥಿಯಾಗಿ ಕರೆಯಬೇಕೆಂಬ ಪ್ರಸ್ತಾಪ ನಮ್ಮ ವೈದ್ಯರ ಸಂಘದ ಸಭೆಯಲ್ಲಿ ಬಂದಾಗ ಬೇಡವೆಂದವನು ನಾನೇ. ತಮ್ಮ ಮೇಲಿನ ಸಿಟ್ಟಿನಿಂದಲ್ಲ. ತಾವು ಬಂದರೆ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಈ ದಿನ ಯಾರ ನೆನಪಿನದೋ ಆ ಡಾ. ಬಿ.ಸಿ. ರಾಯ್ ಅವರ ಭಾವಚಿತ್ರಕ್ಕೆ ಹೂಮಾಲೆ, ಹಿರಿಯ ವೈದ್ಯರಿಬ್ಬರಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ, ಕನಿಷ್ಠ ಎರಡು ಭಾಷಣಗಳಲ್ಲಿ ‘ವೈದ್ಯೋ ನಾರಾಯಣೋ ಹರಿಃ’, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ. ಅದರ ಬದಲು ಒಂದು ಪತ್ರ ಬರೆಯೋಣ ಎಂದೆ. ಸಂಘದ ಕಾರ್ಯದರ್ಶಿಯೂ ನಾನೇ ಆದ್ದರಿಂದ ಬರೆಯುವ ಕೆಲಸ ನನ್ನ ತಲೆಗೇ ಬಂತು.

ಹೇಳಬೇಕಾದ ಮಾತು ಒಂದೇ. ಕುಟುಂಬ ವೈದ್ಯರನ್ನು ಗೌರವಿಸುವುದರಲ್ಲಿ ನಮ್ಮ ಸರ್ಕಾರಗಳೂ ಸಮಾಜವೂ ಎಂದೂ ಹಿಂದೆ ಬಿದ್ದಿಲ್ಲ. ಆದರೆ ಆರೋಗ್ಯ ವ್ಯವಸ್ಥೆಯೊಳಗೆ ನಮಗೊಂದು ಜಾಗವನ್ನು ಇನ್ನೂ ಯಾರೂ ತೋರಿಸಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗದ ಸದ್ದಿನಲ್ಲೇ ಹುಟ್ಟಿ, ಅದರಲ್ಲೇ ಕಿವಿ ಮಂದವಾದ ಮನೆತನಗಳು ಇಲ್ಲಿವೆ. ಅಂಥ ಒಂದು ಮನೆಯ ಹಿರಿಯರಿಗೆ ನಾನು ವರ್ಷಗಳಿಂದ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಗುಳಿಗೆ ಬರೆಯುತ್ತಿದ್ದೇನೆ. ಅವರ ತಂದೆ ಯಾವ ಕಾಯಿಲೆಯಿಂದ ತೀರಿಕೊಂಡರು, ಸೊಸೆಗೆ ಎರಡನೆಯ ಹೆರಿಗೆಯಲ್ಲಿ ಏನಾಯಿತು, ಮನೆಯಲ್ಲಿ ಗುಳಿಗೆ ತಪ್ಪಿಸುವವರು ಯಾರು, ಎಲ್ಲವೂ ನನಗೆ ಗೊತ್ತು. ಅವರಿಗೊಂದು ಶಸ್ತ್ರಚಿಕಿತ್ಸೆ ಬೇಕಾಯಿತು ಎನ್ನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಆದರೆ ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಾನು ಬರೆದ ಚೀಟಿ ಅಲ್ಲಿ ನಡೆಯುವುದಿಲ್ಲ. ಆ ಹಿರಿಯರು ಸಾಲಿನಲ್ಲಿ ನಿಂತು, ತಮ್ಮನ್ನು ಹಿಂದೆಂದೂ ನೋಡಿರದ ಕಿರಿಯ ವೈದ್ಯರೊಬ್ಬರಿಂದ ಪತ್ರ ಪಡೆಯಬೇಕು. ಆ ಕಿರಿಯ ವೈದ್ಯರು ಸಹ ಪಾಪ, ನನ್ನ ಚೀಟಿಯನ್ನು ನೋಡಿಯೇ ತಮ್ಮ ಪತ್ರ ಬರೆಯುತ್ತಾರೆ.

ಚಿಕಿತ್ಸೆ ಮುಗಿದ ಮೇಲೆ ಆಸ್ಪತ್ರೆಯಿಂದ ನನಗೆ ಒಂದು ಸಾಲಿನ ಸುದ್ದಿಯೂ ಬರುವುದಿಲ್ಲ. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಬೆಳಗಾವಿ, ಹುಬ್ಬಳ್ಳಿ ಅಥವಾ ಮಿರಜಕ್ಕೆ ಹೋಗುತ್ತಾರೆ. ಮರಳಿ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌-ರೇ, ಮಡಚಿ ಮಡಚಿ ಹರಿದ ಡಿಸ್ಚಾರ್ಜ್ ಕಾರ್ಡ್, ಹೊಸ ಗುಳಿಗೆಗಳ ಪಟ್ಟಿ ಇರುತ್ತದೆ. ಹಳೆಯ ಗುಳಿಗೆಗಳಲ್ಲಿ ಯಾವುದನ್ನು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂದು ಬರೆದಿರುವುದು ಅಪರೂಪ. ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗುತ್ತಿರುವವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬಿ.ಪಿ.ಯ ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಒಬ್ಬರದೇ ಹೊಟ್ಟೆ ಸೇರಿದರೆ ಏನಾಗುತ್ತದೆ ಎಂದು ತಮ್ಮ ಇಲಾಖೆಯ ಯಾವ ವೈದ್ಯಾಧಿಕಾರಿಯನ್ನು ಕೇಳಿದರೂ ಹೇಳುತ್ತಾರೆ.

ಖಾಸಗಿ ವೈದ್ಯರ ಶಿಫಾರಸಿಗೆ ಬೆಲೆ ಕೊಟ್ಟರೆ ಕಮಿಷನ್ ದಂಧೆಗೆ ಬಾಗಿಲು ತೆರೆದಂತಾಗುತ್ತದೆ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ವಾದಿಸುವುದಿಲ್ಲ. ರೋಗಿಯನ್ನು ಕಳುಹಿಸಿದ್ದಕ್ಕೆ ಲಕೋಟೆ ಪಡೆಯುವವರು ನಮ್ಮ ವೃತ್ತಿಯಲ್ಲಿದ್ದಾರೆ. ಸಂಘದ ಸಭೆಗಳಲ್ಲಿ ಆ ವಿಷಯ ಬಂದಾಗ ಚಹಾ ಬರುವುದೂ ಅದೇ ಹೊತ್ತಿಗೆ. ಆದರೆ ಲಕೋಟೆ ಹುಟ್ಟಿದ್ದು ಎಲ್ಲಿಂದ? ರೋಗಿಯ ಜೊತೆ ಅರ್ಧ ಗಂಟೆ ಕುಳಿತು ಮಾತನಾಡುವುದಕ್ಕೆ ಯಾವ ಯೋಜನೆಯಲ್ಲೂ ದರವಿಲ್ಲ, ಹಾಸಿಗೆಗೆ ಸೇರಿಸಿದರೆ ಮಾತ್ರ ದರವಿದೆ. ಹೊರರೋಗಿ ಚಿಕಿತ್ಸೆಯನ್ನು ಲೆಕ್ಕದಿಂದ ಹೊರಗಿಟ್ಟ ವ್ಯವಸ್ಥೆಯಲ್ಲಿ ಕ್ಲಿನಿಕ್ ನಡೆಸುವವನ ಶ್ರಮಕ್ಕೆ ಬೆಲೆ ಕಟ್ಟುವವರು ದೊಡ್ಡ ಆಸ್ಪತ್ರೆಗಳ ಮಾರ್ಕೆಟಿಂಗ್ ವಿಭಾಗದವರೇ ಆಗಿಬಿಡುತ್ತಾರೆ. ಶಿಫಾರಸನ್ನು ಆನ್‌ಲೈನ್ ದಾಖಲೆಗೆ ತನ್ನಿ, ಯಾರು ಯಾರನ್ನು ಎಲ್ಲಿಗೆ ಕಳುಹಿಸಿದರು ಎಂಬುದು ಜಿಲ್ಲಾ ಆರೋಗ್ಯಾಧಿಕಾರಿಗೆ ಕಾಣಲಿ, ತಪ್ಪು ಮಾಡಿದವರನ್ನು ಹೊರಗೆ ಹಾಕಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ.

ಇನ್ನು ಸರ್ಕಾರಕ್ಕೆ ಬೇಕಾದಾಗ ನಾವು ಕಾಣುವುದೇ ಇಲ್ಲ ಎನ್ನುವಂತಿಲ್ಲ. 2012ರಿಂದ ಕ್ಷಯ ರೋಗಿಗಳ ಮಾಹಿತಿಯನ್ನು ಖಾಸಗಿ ವೈದ್ಯರೂ ಕಡ್ಡಾಯವಾಗಿ ಕೊಡಬೇಕು, ಕೊಡುತ್ತಿದ್ದೇವೆ. ಕೊಟ್ಟಿದ್ದಕ್ಕೆ 500 ರೂಪಾಯಿ ಪ್ರೋತ್ಸಾಹಧನವೂ ಇದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳನ್ನು ನಿಯಂತ್ರಿಸುವ ರಾಜ್ಯದ ಕೆ.ಪಿ.ಎಂ.ಇ. ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳುತ್ತೇವೆ, ಜೈವಿಕ ತ್ಯಾಜ್ಯದ ಲೆಕ್ಕ ಇಡುತ್ತೇವೆ. ಕೋವಿಡ್ ಕಾಲದಲ್ಲಿ ಕ್ಲಿನಿಕ್ ಮುಚ್ಚಬೇಡಿ ಎಂದು ನಮಗೇ ಹೇಳಲಾಯಿತು. ಹಾಗೆ ಬಾಗಿಲು ತೆರೆದಿಟ್ಟು ಸತ್ತ ಖಾಸಗಿ ವೈದ್ಯರ ಮನೆಯವರು 50 ಲಕ್ಷ ರೂಪಾಯಿಯ ಕೇಂದ್ರ ವಿಮೆಗಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು, ಆ ಮಾತು ಬೇರೆ.

ಈಗ ನಮ್ಮ ಸಂಘಗಳ ವಿಷಯ. ತಮ್ಮನ್ನು ಟೀಕಿಸಿ ನಮ್ಮನ್ನು ನಾವು ಬಿಟ್ಟುಕೊಂಡರೆ ಪತ್ರಕ್ಕೆ ಮಾನವಿರುವುದಿಲ್ಲ. ಭಾರತೀಯ ವೈದ್ಯಕೀಯ ಸಂಘ 1928ರಲ್ಲಿ ಹುಟ್ಟಿತು. ಸಾಮಾನ್ಯ ವೈದ್ಯರ ಕಲಿಕೆಗಾಗಿಯೇ ಅದರ ಅಂಗವಾಗಿ ಒಂದು ಕಾಲೇಜು 1963ರಲ್ಲಿ ಆರಂಭವಾಯಿತು. ಜಗತ್ತಿನ ಕುಟುಂಬ ವೈದ್ಯರ ಸಂಘಟನೆಯಾದ ವೊಂಕಾ 1972ರದ್ದು. ಮೇ 19ನ್ನು ವಿಶ್ವ ಕುಟುಂಬ ವೈದ್ಯರ ದಿನವೆಂದು 2010ರಲ್ಲಿ ಘೋಷಿಸಿದ್ದು ಅದೇ. ನಮ್ಮ ತಾಲ್ಲೂಕಿನಲ್ಲಿ ಆ ದಿನ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯುವುದಿಲ್ಲ. ನಮ್ಮ ಸಂಘ ರಕ್ತದಾನ ಶಿಬಿರ ಮಾಡುತ್ತದೆ, ಶಾಲಾ ಮಕ್ಕಳ ತಪಾಸಣೆ ಮಾಡುತ್ತದೆ, ಕ್ರಿಕೆಟ್ ಪಂದ್ಯಾವಳಿ ಅಂತೂ ತಪ್ಪದೆ ಮಾಡುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ಭಾಗದ ಹಳ್ಳಿಗಳು ನೀರಿನಲ್ಲಿ ನಿಂತಾಗ ಪರಿಹಾರ ಕೇಂದ್ರಗಳಿಗೆ ಔಷಧಿ ಹೊತ್ತುಕೊಂಡು ಹೋದವರಲ್ಲಿ ಇಂಥ ಸಂಘಗಳ ವೈದ್ಯರೂ ಇದ್ದರು.

ಕಲಿಕೆಯ ವಿಷಯಕ್ಕೆ ಬಂದರೆ ಮಾತ್ರ ನಾವು ಸೋತಿದ್ದೇವೆ. 2002ರ ವೃತ್ತಿ ನಡತೆ ನಿಯಮಗಳ ಪ್ರಕಾರ ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕು. ಅದು ನಡೆಯುವ ರೀತಿ ಹೀಗಿದೆ: ಒಂದು ದೊಡ್ಡ ಆಸ್ಪತ್ರೆ ಹೋಟೆಲಿನ ಹಾಲ್ ಹಿಡಿಯುತ್ತದೆ. ಅಲ್ಲಿನ ಹೃದಯ ತಜ್ಞರೋ ಮೂಳೆ ತಜ್ಞರೋ ತೆರೆಯ ಮೇಲೆ ತಮ್ಮ ಶಸ್ತ್ರಚಿಕಿತ್ಸೆಗಳನ್ನು ತೋರಿಸುತ್ತಾರೆ. ಕೊನೆಯ ಚಿತ್ರದಲ್ಲಿ ಆಸ್ಪತ್ರೆಯ ದೂರವಾಣಿ ಸಂಖ್ಯೆ ಇರುತ್ತದೆ. ನಾವು ಕಲಿತು ಬರುವುದು ರೋಗಿಯನ್ನು ಎಷ್ಟು ಬೇಗ ಕಳುಹಿಸಬೇಕು ಎಂಬುದನ್ನು. ಊಟ ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು.

ನಮಗೆ ಬೇಕಾದ ಪಾಠಗಳು ಬೇರೆ. ನಾಲ್ಕು ತಜ್ಞರು ಬರೆದ ಗುಳಿಗೆಗಳನ್ನು ಒಟ್ಟಿಗೆ ನುಂಗುವ ಅಜ್ಜಿಗೆ ಯಾವುದನ್ನು ಕಡಿಮೆ ಮಾಡಬೇಕು? ಎದೆ ಉರಿ, ತಲೆಭಾರ, ಕೈಕಾಲು ಜೋಮು ಎಂದು ತಿಂಗಳಿಗೊಮ್ಮೆ ಬರುವ ಹೆಣ್ಣುಮಗಳ ನಿಜವಾದ ಕಾಯಿಲೆ ಖಿನ್ನತೆ ಎಂದು ಗುರುತಿಸಿದ ಮೇಲೆ, ಅತ್ತೆ ಪಕ್ಕದಲ್ಲೇ ಕುಳಿತಿರುವಾಗ ಅದನ್ನು ಹೇಗೆ ಹೇಳಬೇಕು? ಇಳಕಲ್ಲಿನ ಗ್ರಾನೈಟ್ ಗಣಿಯಲ್ಲಿ ದುಡಿದವನ ಒಣಕೆಮ್ಮು ಕ್ಷಯವೋ, ಕಲ್ಲಿನ ದೂಳು ಶ್ವಾಸಕೋಶ ಸೇರಿ ಬಂದ ಸಿಲಿಕೋಸಿಸ್ಸೋ, ಎರಡೂ ಕೂಡಿದ್ದೋ? ಕಬ್ಬು ಕಡಿಯುವ ಗ್ಯಾಂಗಿನವರು ಬೆನ್ನುನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಏನು ಮಾಡುತ್ತವೆ? ಸಾಯುತ್ತಿರುವವರನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಎಳೆದಾಡದೆ ಮನೆಯಲ್ಲೇ ನೋವಿಲ್ಲದೆ ನೋಡಿಕೊಳ್ಳುವುದು ಹೇಗೆ? ಇವುಗಳ ಮೇಲೆ ಭಾಷಣ ಏರ್ಪಡಿಸಲು ಯಾವ ಆಸ್ಪತ್ರೆಯೂ ಮುಂದೆ ಬರುವುದಿಲ್ಲ, ಇವುಗಳಲ್ಲಿ ಕಳುಹಿಸಿಕೊಡುವಂಥದ್ದು ಏನೂ ಇಲ್ಲವಲ್ಲ.

ಈ ಪಾಠಗಳಿಗೇ ಒಂದು ಪೂರ್ಣ ವಿಭಾಗವಿದೆ, ಅದು ಫ್ಯಾಮಿಲಿ ಮೆಡಿಸಿನ್. ಅದರಲ್ಲಿ ಎಂ.ಡಿ. ಪದವಿ ಇದೆ, ಎಂ.ಡಿ.ಗೆ ಸಮಾನವಾದ ಮೂರು ವರ್ಷಗಳ ಡಿ.ಎನ್.ಬಿ. ಇದೆ, ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲಿ ತೆರೆದ ಎರಡು ವರ್ಷಗಳ ಡಿಪ್ಲೊಮಾಗಳಲ್ಲಿ ಇದೂ ಒಂದು. ಸಂಸತ್ತಿನ ಸ್ಥಾಯಿ ಸಮಿತಿ 2016ರಲ್ಲಿ ಈ ವಿಭಾಗದ ಸ್ನಾತಕೋತ್ತರ ಶಿಕ್ಷಣವನ್ನು ಬಲಪಡಿಸಲು ಹೇಳಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಮತ್ತು ಖಾಸಗಿ ಸಾಮಾನ್ಯ ವೈದ್ಯರಿಬ್ಬರಿಗೂ ದೂರಶಿಕ್ಷಣ, ಮುಂದುವರಿದ ಶಿಕ್ಷಣ ಕೊಟ್ಟು ಅನಗತ್ಯವಾಗಿ ರೋಗಿಗಳನ್ನು ಮೇಲಕ್ಕೆ ಕಳುಹಿಸುವುದನ್ನು ತಪ್ಪಿಸಬೇಕು ಎಂದಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲೂ ಈ ಕೋರ್ಸುಗಳಿಗೆ ಉತ್ತೇಜನ ಕೊಡುವ ಮಾತಿದೆ. ಇಷ್ಟೆಲ್ಲ ಕಾಗದದ ಮೇಲಿರುವಾಗ ನಾನು ಹೊಸದಾಗಿ ಏನನ್ನು ಬೇಡಲಿ?

ಬೇಡುವುದು ಜಿಲ್ಲೆಯ ಮಟ್ಟದಲ್ಲಿದೆ. ಬಾಗಲಕೋಟೆ ಜಿಲ್ಲಾಸ್ಪತ್ರೆಯಲ್ಲಿ ಫ್ಯಾಮಿಲಿ ಮೆಡಿಸಿನ್ ಡಿ.ಎನ್.ಬಿ. ಮತ್ತು ಡಿಪ್ಲೊಮಾ ಸೀಟುಗಳಿಗೆ ಅವಕಾಶ ಮಾಡಿಕೊಡಿ. ನೆರೆಯ ವಿಜಯಪುರ, ಬೆಳಗಾವಿಗಳಲ್ಲೂ ಅದನ್ನೇ ಮಾಡಬಹುದು. ಕಲಿತು ಬಂದವರಿಗೆ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ತಜ್ಞರ ದರ್ಜೆಯ ಹುದ್ದೆ ಇರಲಿ. ಅಲ್ಲಿಗೆ ಬೇಕಾದ ತಜ್ಞರೆಂದರೆ ಇಂದಿಗೂ ಸರ್ಜನ್, ಫಿಜಿಶಿಯನ್, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಎಂದೇ ಎಣಿಸುತ್ತೇವೆ. ಅವರು ಬೇಕು, ಖಂಡಿತ ಬೇಕು. ಆದರೆ ಅವರು ಬರುವತನಕ, ಬಂದವರು ವರ್ಗಾವಣೆ ಪಡೆದು ಹೋದ ಮೇಲೂ, ಆ ಕೇಂದ್ರಕ್ಕೆ ಬರುವ ಜ್ವರ, ಬಿ.ಪಿ., ಸಕ್ಕರೆ, ಬಾಣಂತಿ, ಮಗು, ಮುದುಕರು ಎಲ್ಲರನ್ನೂ ನೋಡುವಂತೆ ತರಬೇತಾದ ಒಬ್ಬರು ಅಲ್ಲಿರಬೇಕಲ್ಲವೇ? ಹುದ್ದೆ ಕಾಣದ ಕೋರ್ಸನ್ನು ಯಾವ ವಿದ್ಯಾರ್ಥಿಯೂ ಮನಸ್ಸಿಟ್ಟು ಆರಿಸಿಕೊಳ್ಳುವುದಿಲ್ಲ. ನನ್ನ ಸಹೋದ್ಯೋಗಿಯ ಮಗಳು ಅಂಕ ಬಂದರೂ ಇದನ್ನು ಬಿಟ್ಟು ಚರ್ಮರೋಗ ಆರಿಸಿಕೊಂಡಳು. ಅವಳನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ಕ್ಲಿನಿಕ್ ಬಿಟ್ಟು ಎರಡು ಮೂರು ವರ್ಷ ಹೋಗಲಾರದ ನನ್ನಂಥವರಿಗೆ ತಿಂಗಳಿಗೊಂದು ಭಾನುವಾರ ಜಿಲ್ಲಾಸ್ಪತ್ರೆಯಲ್ಲಿ ಪಾಠ ನಡೆಸಿ, ಅದಕ್ಕೆ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಗಂಟೆ ಕೊಡಿಸಿ. ಔಷಧಿ ಕಂಪನಿಯ ಬ್ಯಾನರ್ ಇಲ್ಲದ ಸಭಾಂಗಣವಾದರೆ ಸಾಕು, ಊಟದ ಡಬ್ಬಿ ನಾವೇ ತರುತ್ತೇವೆ. ಪಾಠ ಮಾಡುವವರಲ್ಲಿ ಅರ್ಧದಷ್ಟಾದರೂ ಕುಟುಂಬ ವೈದ್ಯರೇ ಇರಲಿ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಈಗ ಹಳ್ಳಿಯ ಕುಟುಂಬಗಳನ್ನು ದತ್ತು ಪಡೆಯುವ ಕಾರ್ಯಕ್ರಮವಿದೆ. ಆ ಕುಟುಂಬಗಳನ್ನು ದಶಕಗಳಿಂದ ನೋಡುತ್ತಿರುವ ಊರಿನ ವೈದ್ಯರನ್ನು ಮಾತ್ರ ಅವರು ಭೇಟಿಯಾಗುವುದಿಲ್ಲ. ಅವರನ್ನು ಕೆಲವು ದಿನ ನಮ್ಮ ಕ್ಲಿನಿಕ್ಕುಗಳಿಗೂ ಕಳುಹಿಸಿ. ಸಂಜೆಯ ಗದ್ದಲದಲ್ಲಿ ಸಾಮಾನ್ಯ ಜ್ವರಗಳ ನಡುವೆ ಒಂದು ಮೆದುಳು ಜ್ವರವನ್ನು ಹುಡುಕುವುದು ವಾರ್ಡಿನಲ್ಲಿ ಕಲಿಯುವಂಥದ್ದಲ್ಲ.

ಒಂದು ಸೂಕ್ಷ್ಮ ವಿಷಯವನ್ನೂ ಮುಟ್ಟಬೇಕು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಕುಟುಂಬ ವೈದ್ಯರೆಂದು ನಂಬಿರುವುದು ಬಿ.ಎ.ಎಂ.ಎಸ್., ಬಿ.ಎಚ್.ಎಂ.ಎಸ್., ಅಂದರೆ ಆಯುರ್ವೇದ, ಹೋಮಿಯೋಪಥಿ ಓದಿದವರನ್ನು. ಅವರನ್ನು ಹೊರಗಿಟ್ಟು ಮಾತನಾಡುವುದು ನಮ್ಮ ಸಂಘಗಳಿಗೆ ಸುಲಭ, ಊರಿಗೆ ಸುಲಭವಲ್ಲ. ಅವರು ತಮ್ಮ ಪದ್ಧತಿಯ ಮಿತಿಯಲ್ಲಿ ಚಿಕಿತ್ಸೆ ಕೊಡಲಿ, ಅಪಾಯದ ಲಕ್ಷಣ ಗುರುತಿಸುವ, ಸಕಾಲಕ್ಕೆ ಕಳುಹಿಸುವ ತರಬೇತಿಯಲ್ಲಿ ನಮ್ಮ ಜೊತೆಗೇ ಕುಳಿತುಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಸಂಘದಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ. ಯಾವ ಓದೂ ಇಲ್ಲದೆ ಸಲಾಯಿನ್ ಏರಿಸುವ ನಕಲಿ ವೈದ್ಯರ ವಿಷಯವೇ ಬೇರೆ, ಅದಕ್ಕೆ ಪೊಲೀಸರಿದ್ದಾರೆ.

ಈ ಬೇಡಿಕೆಗಳಲ್ಲಿ ಕೆಲವು ತಮ್ಮ ಇಲಾಖೆಗೆ, ಕೆಲವು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ಸೀಟು ಒಂದು ಕಡೆ, ಹುದ್ದೆ ಇನ್ನೊಂದು ಕಡೆ. ಈ ಎರಡು ಕಚೇರಿಗಳ ನಡುವೆಯೇ ಕುಟುಂಬ ವೈದ್ಯ ಕಳೆದುಹೋಗಿದ್ದಾನೆ ಎಂದು ನನಗೆ ಅನಿಸುತ್ತದೆ. 2017ರ ನವೆಂಬರ್‌ನಲ್ಲಿ ಕೆ.ಪಿ.ಎಂ.ಇ. ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ವೈದ್ಯರು ಬೆಳಗಾವಿಯಲ್ಲಿ ಸೇರಿದಾಗ ಸರ್ಕಾರ ಮಾತುಕತೆಗೆ ಕುಳಿತಿತು. ಈ ಸಲ ಧರಣಿ ಇಲ್ಲ, ಕ್ಲಿನಿಕ್ ಬಂದ್ ಇಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮುಂದಿನ ಚಳಿಗಾಲದ ಅಧಿವೇಶನ ನಡೆಯುವಾಗ ತಾವೂ ವೈದ್ಯಕೀಯ ಶಿಕ್ಷಣ ಸಚಿವರೂ ಒಂದೇ ಕೊಠಡಿಯಲ್ಲಿ ಒಂದು ಗಂಟೆ ನಮಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳನ್ನೂ ಕರೆಸಿ. ದಿನಾಂಕವನ್ನು ಒಂದು ವಾರ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ. ಆ ದಿನ ಗುಳಿಗೆ ಮುಗಿಯುವವರಿಗೆ ಮುಂಚೆಯೇ ಹೇಳಿ, ಕ್ಲಿನಿಕ್ಕಿನ ಬಾಗಿಲಿಗೆ ಚೀಟಿ ಅಂಟಿಸಿ ಬರಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬನಹಟ್ಟಿಯ ಒಬ್ಬ ಕುಟುಂಬ ವೈದ್ಯ