ಮಗಳಿಗೊಂದು ಪತ್ರ: ಹವಳದ ದಿಬ್ಬ ಬಿಡಿಸುವ ಮುನ್ನ

ಪುಟ್ಟಿ,

ಲಕ್ಷದ್ವೀಪದ ಹವಳದ ದಿಬ್ಬದ ಮೇಲೆ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡುತ್ತೀ ಎಂದು ಓದಿ ಬಹಳ ಖುಷಿಯಾಯಿತು. ಮೊದಲ ಪುಟದಲ್ಲೇ ಇಡೀ ದಿಬ್ಬ ಬೇಡ. ಒಂದೇ ಒಂದು ಪಾಲಿಪ್, ಅಂದರೆ ಹವಳದ ಒಂದು ಬಿಡಿ ಜೀವಿ, ಬಿಡಿಸು, ಪುಟ ತುಂಬ. ಹವಳ ಒಂದು ಪ್ರಾಣಿ ಎಂಬುದು ಮಗುವಿಗೆ ಅಲ್ಲೇ ಕಾಣಬೇಕು. ಚಿಕ್ಕ ಕೊಳವೆಯಂಥ ಮೆತ್ತನೆ ಮೈ, ಮೇಲ್ತುದಿಯಲ್ಲಿ ಬಾಯಿ. ತಿನ್ನುವುದೂ ಕಸ ಹೊರಹಾಕುವುದೂ ಅದೊಂದರಿಂದಲೇ. ಬಾಯಿಯ ಸುತ್ತ ಕರಬಳ್ಳಿಗಳು, ಅಂದರೆ ಬಳ್ಳಿಯಂಥ ಕೈಗಳು. ದಿಬ್ಬ ಕಟ್ಟುವ ಗಟ್ಟಿ ಹವಳದಲ್ಲಿ ಅವು ಆರರ ಲೆಕ್ಕದಲ್ಲಿರುತ್ತವೆ. 12 ಅಥವಾ 24 ಬಿಡಿಸಿದರೆ ಸರಿ. ಎಂಟು ಬಿಡಿಸಿದರೆ ಅದು ಮೃದು ಹವಳವಾಗಿಬಿಡುತ್ತದೆ. ಮಕ್ಕಳು ಎಣಿಸುತ್ತಾರೆ, ನೆನಪಿರಲಿ. ಹೆಚ್ಚಿನ ಗಟ್ಟಿ ಹವಳಗಳು ಕರಬಳ್ಳಿ ಚಾಚುವುದು ರಾತ್ರಿ, ಹಾಗಾಗಿ ಆ ಪುಟದ ಹಿನ್ನೆಲೆ ಕಪ್ಪಿರಲಿ. ಮೂಲೆಯಲ್ಲಿ ನಿಜವಾದ ಅಳತೆಯದೂ ಒಂದಿರಲಿ: ಕೆಲವೇ ಮಿಲಿಮೀಟರ್.

ಎಡವುವುದು ಬಣ್ಣದಲ್ಲಿ. ಹವಳ ಎಂದೊಡನೆ ಸರದ ಕೆಂಪು ಮಣಿ ಕಣ್ಣಿಗೆ ಕಟ್ಟುತ್ತದೆ. ಆ ಕೆಂಪು ಹವಳ ಮೆಡಿಟರೇನಿಯನ್‌ನಂಥ ಕಡಲಿನದು, ದಿಬ್ಬ ಕಟ್ಟುವುದಿಲ್ಲ. ದಿಬ್ಬದ ಹವಳ ಬಹುಮಟ್ಟಿಗೆ ಕಂದು, ಇಲ್ಲವೇ ಮಾಸಲು ಹಸಿರು. ಕಾರಣ, ಅದರ ಮೈಯೊಳಗೆ ವಾಸಿಸುವ ಏಕಕೋಶ ಪಾಚಿ. ಬಿಸಿಲಿನಲ್ಲಿ ಪಾಚಿ ತಯಾರಿಸುವ ಸಕ್ಕರೆಯಿಂದಲೇ ಹವಳದ ಹೊಟ್ಟೆ ಬಹುಪಾಲು ತುಂಬುವುದು.

ಅಲ್ಲಿನ ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ನೀರು ಬರೀ 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರದಬ್ಬುತ್ತದೆ. ಆಗ ಮೈ ಪಾರದರ್ಶಕವಾಗಿ, ಅಡಿಯ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಬಿಳಿ ಹವಳದ ಕೆಳಗೆ ‘ಸತ್ತ ಹವಳ’ ಎಂದು ದಯವಿಟ್ಟು ಬರೆಯಬೇಡ. ಅದಿನ್ನೂ ಜೀವಂತವಾಗಿದೆ, ಉಪವಾಸದಲ್ಲಿದೆ. ನೀರು ಬೇಗ ತಣಿದರೆ ಪಾಚಿ ಮರಳಿ, ಚೇತರಿಸಿಕೊಳ್ಳಲೂಬಹುದು. ಸತ್ತ ಮೇಲೆ ಬಿಳುಪೂ ಉಳಿಯದು, ಬೇರೆ ಜಾತಿಯ ಪಾಚಿ ಹತ್ತಿ ಕೊಳಕು ಕಂದು ಆಗುತ್ತದೆ. ಒಂದೇ ಹವಳವನ್ನು ಒಂದೇ ಕೋನದಿಂದ ಮೂರು ಸಲ ಬಿಡಿಸಿದರೆ ಇದು ಮಾತಿಲ್ಲದೆ ಅರ್ಥವಾಗುತ್ತದೆ.

ಮೂರನೆಯ ಚಿತ್ರದಲ್ಲಿ ಗಿಳಿಮೀನು ಬರಲಿ. ಕೊಕ್ಕಿನಂಥ ಹಲ್ಲಿನಿಂದ ಅದು ಪಾಚಿಯನ್ನು ಸುಣ್ಣದ ಸಮೇತ ಕೆರೆದು ತಿಂದು, ಸುಣ್ಣವನ್ನು ಮರಳಾಗಿ ಹೊರಹಾಕುತ್ತದೆ. ಕೆರೆದು ಸ್ವಚ್ಛವಾದ ಜಾಗದಲ್ಲಿ ಮರಿ ಹವಳ ನೆಲೆಯೂರಲು ಸಾಧ್ಯ. ಕ್ಲೌನ್‌ಫಿಶ್ ಹಾಕುವುದಾದರೆ ಸೀ ಅನಿಮೋನ್ ಎಂಬ ಹೂವಿನಂಥ ಕಡಲಪ್ರಾಣಿಯ ನಡುವೆ ಹಾಕು, ಹವಳದೊಳಗೆ ಬೇಡ. ಫೋಟೋ ನೋಡಿ ಬಿಡಿಸುವಾಗ ಕೆರಿಬಿಯನ್ ಕಡಲಿನದು ಬೆರೆಯದಂತೆ ನೋಡಿಕೋ. ಅಲ್ಲಿನ ಎಲ್ಕ್‌ಹಾರ್ನ್ ಹವಳ ಲಕ್ಷದ್ವೀಪದಲ್ಲಿಲ್ಲ.

ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಕೊನೆಯ ಪುಟದ ನಕ್ಷೆಯಲ್ಲಿ ಅದನ್ನೂ ಗುರುತಿಸು. ಪಾಲಿಪ್ ಪುಟದ ಕರಡು ಮೊದಲು ಕಳಿಸು.

ಅಪ್ಪ